ಸ್ಕ್ರಿಪ್ಟ್ ರೆಡಿ ಇದೆ, ದುಡ್ಡು ಹಾಕೋರಿಲ್ಲ: ಸಣ್ಣ ಸಿನಿಮಾ ಮಾಡಿದೋರು ಸ್ವಲ್ಪ ಅನುಭವ ಹೇಳಿ

ಹಾಸನದ_ಹುಡುಗಿ:
ಎಲ್ರಿಗೂ ನಮಸ್ಕಾರ. ಒಂದೆರಡು ಶಾರ್ಟ್ ಫಿಲ್ಮ್ ಮಾಡಿದೀನಿ, ಈಗ ಫೀಚರ್‌ಗೆ ಸ್ಕ್ರಿಪ್ಟ್ ರೆಡಿ ಇದೆ. ನಮ್ಮೂರ ಕಡೆ ಕಥೆ, ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡ್ಕೊಂಡಾಗ ತಾಯಿ ಯಾರ ಪಾಲಿಗೆ ಅನ್ನೋದು. ಫೈಟ್ ಇಲ್ಲ, ಡ್ಯಾನ್ಸ್ ಇಲ್ಲ. ಎಷ್ಟೇ ಹಿಡಿದು ಖರ್ಚು ಮಾಡಿದ್ರೂ 50-60 ಲಕ್ಷ ಬೇಕು. ಕಥೆ ಕೇಳಿದೋರೆಲ್ಲ ‘ತುಂಬಾ ಚೆನ್ನಾಗಿದೆ ಮೇಡಂ, ಹೀರೋ ಯಾರು?’ ಅಂತಾರೆ, ಅಲ್ಲಿಗೆ ಮಾತು ಮುಗೀತು. ದುಡ್ಡು ಎಲ್ಲಿಂದ ತಂದ್ರಿ, ಪ್ರಚಾರ ಹೇಗೆ ಮಾಡಿದ್ರಿ, ಬಿಚ್ಚಿ ಹೇಳಿ ಪ್ಲೀಸ್. ಊರಲ್ಲಿ ನನ್ನ ಹೆಸರಲ್ಲಿ ಒಂದು ಸೈಟಿದೆ, ಅದನ್ನ ಮಾರೋಣ ಅಂತನೂ ಯೋಚನೆ ಇದೆ.

ಬಾಲ್ಕನಿ_ಟಿಕೆಟ್:
ಸೈಟ್ ಮಾರಬೇಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಕಟ್_ಓಕೆ:
ನಾನು ಸುಮಾರು ವರ್ಷದಿಂದ ಪ್ರೊಡಕ್ಷನ್ ಮ್ಯಾನೇಜರ್ ಕೆಲಸ ಮಾಡ್ತಿದೀನಿ, ದೊಡ್ಡದೂ ಮಾಡಿದೀನಿ, ನಿಮ್ಮಂಥೋರದ್ದೂ ಮಾಡಿದೀನಿ. ‘ಹೀರೋ ಯಾರು’ ಅಂತ ಕೇಳೋರ ಮೇಲೆ ಸಿಟ್ಟಾಗಬೇಡಿ ಮೇಡಂ, ಅವ್ರು ಕೇಳ್ತಿರೋದು ದುಡ್ಡು ವಾಪಸ್ ಬರೋ ದಾರಿ ಯಾವ್ದು ಅಂತ. ಹೀರೋ ಹೆಸರಿದ್ರೆ ಸ್ಯಾಟಲೈಟ್ ರೈಟ್ಸ್ (ಟಿವಿ ಹಕ್ಕು) ಅಂತ ಒಂದಿಷ್ಟು, ಆಡಿಯೋ ಅಂತ ಒಂದಿಷ್ಟು, ಹಿಂದಿ ಡಬ್ಬಿಂಗ್ ಅಂತ ಒಂದಿಷ್ಟು ರಿಲೀಸ್‌ಗೆ ಮುಂಚೆನೇ ಕೈಗೆ ಬರ್ತಿತ್ತು, ಥಿಯೇಟರ್‌ನಲ್ಲಿ ಮಲಗಿದ್ರೂ ಪ್ರೊಡ್ಯೂಸರ್ ಬೀದಿಗೆ ಬೀಳ್ತಿರಲಿಲ್ಲ. ಹಿಂದಿ ಡಬ್ಬಿಂಗ್‌ನೋರು ಮೊದಲು ಕೇಳೋದೇ ಎಷ್ಟು ಫೈಟ್ ಇದೆ ಅಂತ. ನಿಮ್ಮ ಅಣ್ಣತಮ್ಮಂದಿರು ಜಗಲಿ ಮೇಲೆ ಕೂತು ಪಾಲುಪತ್ರ ಬರೆಸೋದನ್ನ ಅವ್ರು ಯಾಕೆ ತಗೋತಾರೆ.

ಕೋವಿಡ್ ಟೈಮಲ್ಲಿ ಓಟಿಟಿಯೋರು ತಗೊಂಡ್ರು ನಿಜ, ಆ ಆಸೆಯಿಂದ ಎಷ್ಟೋ ಜನ ಸಿನಿಮಾ ಶುರು ಮಾಡಿದ್ರು. ಈಗ ಅವ್ರ ಮಾತೇ ಬೇರೆ: ಮೊದಲು ಥಿಯೇಟರ್‌ಗೆ ಬನ್ನಿ, ಕಲೆಕ್ಷನ್ ತೋರಿಸಿ, ಆಮೇಲೆ ನೋಡೋಣ. ಇಲ್ಲಾಂದ್ರೆ ಜನ ಎಷ್ಟು ಹೊತ್ತು ನೋಡಿದ್ರೋ ಆ ಲೆಕ್ಕದಲ್ಲಿ ಕೊಡ್ತೀವಿ ಅಂತಾರೆ. ರಕ್ಷಿತ್ ಶೆಟ್ಟಿ ಅವ್ರ ಪರಂವಃ ಸ್ಟುಡಿಯೋಸ್‌ನೋರೇ ‘ಏಕಂ’ ವೆಬ್ ಸೀರೀಸ್‌ನ 2024ರಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಬಿಡಬೇಕಾಯ್ತು. ಅಂಥೋರಿಗೇ ಹಾಗಾದ್ರೆ ನಾವ್ ಯಾವ ಲೆಕ್ಕ.

ಉಳಿದಿದ್ದು ಥಿಯೇಟರ್. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಸಿನಿಮಾ ಬರ್ತವೆ, ಅಂದ್ರೆ ಪ್ರತಿ ಶುಕ್ರವಾರ ನಾಲ್ಕೈದು, ಅದ್ರ ಜೊತೆಗೆ ತಮಿಳು ತೆಲುಗು ಹಿಂದಿ ಇಂಗ್ಲಿಷ್. ಮಲ್ಟಿಪ್ಲೆಕ್ಸ್‌ನೋರು ಶೋ ಲಿಸ್ಟ್ ಕೊಡೋದು ಬುಧವಾರ ರಾತ್ರಿನೋ ಗುರುವಾರನೋ. ನಾವು ಮಾಡಿದ ಒಂದು ಸಿನಿಮಾಗೆ ಸಿಕ್ಕಿದ್ದು ಬೆಳಗ್ಗೆ ಹತ್ತೂಕಾಲು, ಮಧ್ಯಾಹ್ನ ಎರಡೂವರೆ, ಅದೂ ಊರಾಚೆ ಮಾಲ್‌ಗಳಲ್ಲಿ. ಶುಕ್ರವಾರ ಬೆಳಗ್ಗೆ ಹತ್ತೂಕಾಲಿಗೆ ಯಾರು ಬರ್ತಾರೆ ಹೇಳಿ, ನಮ್ಮನೆಯೋರು ಮತ್ತೆ ಯೂಟ್ಯೂಬ್ ರಿವ್ಯೂ ಮಾಡೋ ಹುಡುಗರು. ಒಂದು ಕಡೆ ಆರು ಟಿಕೆಟ್ ಹೋಗಿತ್ತು, ಶೋ ಕ್ಯಾನ್ಸಲ್ ಮಾಡಿ ದುಡ್ಡು ವಾಪಸ್ ಕೊಟ್ರು, ಆ ಆರು ಜನದಲ್ಲಿ ಒಬ್ಬರು ತುಮಕೂರಿಂದ ಬಂದಿದ್ರು. ಭಾನುವಾರ ಸಂಜೆ ಲೆಕ್ಕ ನೋಡ್ತಾರೆ, ಸೋಮವಾರ ಶೋ ಅರ್ಧ, ಗುರುವಾರ ಸೊನ್ನೆ. ಪೇಪರಲ್ಲಿ ಒಳ್ಳೆ ವಿಮರ್ಶೆ ಬಂದು, ಫ್ರೆಂಡ್ ಫ್ರೆಂಡ್‌ಗೆ ಹೇಳಿ, ಎರಡನೇ ಶನಿವಾರ ಹೋಗೋಣ ಅಂದ್ಕೊಂಡೋರಿಗೆ ಬುಕ್‌ಮೈಶೋನಲ್ಲಿ ಸಿನಿಮಾ ಹೆಸರೇ ಇರಲ್ಲ. ಇಂಥ ಸಿನಿಮಾಗೆ ಬೇಕಿರೋದು ಟೈಮು, ಸಿಗೋದು ಮೂರೇ ದಿನ. ಜನ ಒಳ್ಳೆ ಸಿನಿಮಾ ನೋಡಲ್ಲ ಅಂತ ಬೈಯೋರನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ, ನೋಡೋಕೆ ಬಿಟ್ರೆ ತಾನೆ.

ಸಿಂಗಲ್ ಸ್ಕ್ರೀನ್ ಕಥೆ ಬೇರೆ, ಅಲ್ಲಿ ಬಾಡಿಗೆ. ಬೆಂಗಳೂರಿನ ಕೆ.ಜಿ. ರಸ್ತೆಯಲ್ಲಿ ಮೇನ್ ಥಿಯೇಟರ್ ಬೇಕು ಅಂದ್ರೆ ವಾರದ ಬಾಡಿಗೆ ಮುಂಚೆನೇ ಕಟ್ಟಬೇಕು, ಜನ ಬರಲಿ ಬಿಡಲಿ.

ಅದಕ್ಕೇ ನಾನು ಹೇಳೋದು ಒಂದೇ. ನಿಮ್ಮ 60 ಲಕ್ಷದಲ್ಲಿ 20 ಲಕ್ಷ ರಿಲೀಸ್‌ಗೆ ಅಂತ ಬೇರೆ ಅಕೌಂಟಲ್ಲಿ ಇಟ್ಟು ಬೀಗ ಹಾಕಿ, ಮಿಕ್ಕಿದ್ರಲ್ಲಿ ಎಂಥ ಸಿನಿಮಾ ಆಗುತ್ತೋ ಅದನ್ನ ಬರೀರಿ. ನಮ್ಮೋರು ಮಾಡೋದು ಉಲ್ಟಾ. ಕುಂಬಳಕಾಯಿ ಒಡೆದು ಎಲ್ರಿಗೂ ಊಟ ಹಾಕಿದ ದಿನಕ್ಕೇ ದುಡ್ಡು ಖಾಲಿ, ಆಮೇಲೆ ಡಿಐ (ಬಣ್ಣ ಸರಿ ಮಾಡೋದು), ಸೌಂಡ್ ಮಿಕ್ಸಿಂಗ್, ಸೆನ್ಸಾರ್, ಡಿಸಿಪಿ (ಥಿಯೇಟರ್‌ಗೆ ಕೊಡೋ ಡಿಜಿಟಲ್ ಕಾಪಿ), ಅದನ್ನ ಥಿಯೇಟರ್‌ಗೆ ಮುಟ್ಟಿಸೋ ಕ್ಯೂಬ್, ಯುಎಫ್‌ಓ ಕಂಪನಿಗಳ ಚಾರ್ಜು, ಪೋಸ್ಟರ್ ಪ್ರಿಂಟು, ಪೋಸ್ಟರ್ ಅಂಟಿಸೋರಿಗೆ ಕೂಲಿ, ಎಲ್ಲಕ್ಕೂ ಬಡ್ಡಿ ಸಾಲ.

ಬಾಲ್ಕನಿ_ಟಿಕೆಟ್:
ಕಟ್_ಓಕೆ ಅಣ್ಣ ಎಲ್ಲಾ ಹೇಳ್ಬಿಟ್ರು. ಕ್ರೌಡ್ ಫಂಡಿಂಗ್ (ಜನರ ಹತ್ರ ಸ್ವಲ್ಪ ಸ್ವಲ್ಪ ದುಡ್ಡು ಎತ್ತೋದು) ಬಗ್ಗೆ ನಂದೊಂದು ಮಾತು, ಯಾಕಂದ್ರೆ ನಿಮಗೆ ಯಾರಾದ್ರೂ ಹೇಳೇ ಹೇಳ್ತಾರೆ, ‘ಲೂಸಿಯಾ ಮಾಡ್ಲಿಲ್ವಾ’ ಅಂತ. ಮಾಡಿದ್ರು, ಆ ಸಿನಿಮಾ 2013ರಲ್ಲಿ ಬಂತು, ಡೈರೆಕ್ಟರ್ ಪವನ್ ಕುಮಾರ್ ಬ್ಲಾಗಲ್ಲಿ ಬರೆದಿದ್ದನ್ನ ಓದಿ ನೂರಕ್ಕೂ ಹೆಚ್ಚು ಜನ ಸೇರಿ ಅರ್ಧ ಕೋಟಿ ಹತ್ತಿರ ಹಾಕಿದ್ರು. ಆದ್ರೆ ಅದಕ್ಕೆ ಮುಂಚೆನೇ ಅವ್ರದ್ದು ‘ಲೈಫು ಇಷ್ಟೇನೆ’ ಓಡಿತ್ತು, ಹೆಸರು ಜನಕ್ಕೆ ಗೊತ್ತಿತ್ತು, ಮತ್ತೆ ಕನ್ನಡದಲ್ಲಿ ಅಂಥದ್ದು ಯಾರೂ ಮಾಡಿರಲಿಲ್ಲ. ಮೊದಲನೇ ಸಲ ಆಗೋದಕ್ಕೆ ಇರೋ ಹುರುಪು ಆಮೇಲಿನೋರಿಗೆ ಸಿಗಲ್ಲ. ನಾನೂ ಒಂದು ಸಿನಿಮಾಗೆ (ಹೆಸರು ಬೇಡ) ಸ್ವಲ್ಪ ದುಡ್ಡು ಹಾಕಿದ್ದೆ, ಕೊನೇಲಿ ಥ್ಯಾಂಕ್ಸ್ ಕಾರ್ಡಲ್ಲಿ ಹೆಸರು ಬಂತು, ಇನಿಷಿಯಲ್ ತಪ್ಪಾಗಿತ್ತು, ಪರವಾಗಿಲ್ಲ. ಬೇಜಾರಾಗಿದ್ದು ದುಡ್ಡು ಹೋಗಿದ್ದಕ್ಕಲ್ಲ, ವರ್ಷಗಟ್ಟಲೆ ಏನಾಯ್ತು ಅಂತ ಒಂದು ಮೆಸೇಜ್ ಇಲ್ಲ. ನೀವು ಜನರ ಹತ್ರ ದುಡ್ಡು ಎತ್ತಿದ್ರೆ ತಿಂಗಳಿಗೊಂದು ಸಲ ಆದ್ರೂ ಬರೀರಿ, ಏನೂ ಆಗಿಲ್ಲ ಅಂತಾದ್ರೂ ಬರೀರಿ. ಮತ್ತೆ ಲಾಭದಲ್ಲಿ ಪಾಲು ಕೊಡ್ತೀನಿ ಅಂತ ಸಿಕ್ಕಸಿಕ್ಕೋರ ಹತ್ರ ದುಡ್ಡು ತಗೊಳ್ಳೋಕೆ ಕಾನೂನಲ್ಲಿ ಕಟ್ಟುಪಾಡಿದೆ, ಮೊದಲೇ ಒಬ್ಬ ವಕೀಲರನ್ನೋ ಆಡಿಟರ್‌ನೋ ಕೇಳಿ.

ಕೊಪ್ಪಳದಾಂವ:
ಅಕ್ಕಾರ, ನಮ್ಮ ಕಡೀದು ಒಂದು ಹೇಳ್ತೀನಿ ಕೇಳ್ರಿ. ‘ಶಿವಮ್ಮ’ ಅಂತ ಸಿನಿಮಾ, ಜೈಶಂಕರ್ ಆರ್ಯರ್ ಅವ್ರು ಮಾಡಿದ್ದು, ಶೂಟಿಂಗ್ ಆಗಿದ್ದು ನಮ್ಮ ಜಿಲ್ಲಾದ ಯರೇಹಂಚಿನಾಳದಾಗ. ಸಾಲಿಯೊಳಗ ಬಿಸಿಯೂಟ ಮಾಡೋ ಹೆಣ್ಮಗಳು ನೆಟ್‌ವರ್ಕ್ ಮಾರ್ಕೆಟಿಂಗ್ ಕಟ್ಟಿಕೊಂಡು ಒದ್ದಾಡೋ ಕಥಿ, ಪಾತ್ರ ಮಾಡಿದವ್ರೂ ಹಳ್ಳಿ ಮಂದಿನ. ರಿಷಬ್ ಶೆಟ್ಟಿ ಅವ್ರು ಪ್ರೊಡ್ಯೂಸ್ ಮಾಡ್ಯಾರ. 2022ರಾಗ ಕೊರಿಯಾದ ಬೂಸಾನ್ ಫೆಸ್ಟಿವಲ್‌ನ್ಯಾಗ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು, ಪೇಪರ್‌ನ್ಯಾಗ ಓದಿ ನಾವೆಲ್ಲ ಕುಣದಾಡಿದ್ವಿ. ಥೇಟರಿಗೆ ಬಂದಿದ್ದು 2024ರ ಜೂನ್‌ನ್ಯಾಗ. ಪ್ರಶಸ್ತಿ ಬಂದಾಗ ಮಂದಿ ಕೇಳ್ತಿದ್ರು ಎಲ್ಲಿ ನೋಡೋದು ಅಂತ, ನೋಡಾಕ ಸಿಕ್ಕಾಗ ಮಂದಿ ಮರತಿದ್ರು. ‘ಮಿಥ್ಯ’ ಸಿನಿಮಾದ್ದೂ ಹಂಗ ಆತು, ಮುಂಬೈ ಫೆಸ್ಟಿವಲ್‌ನ್ಯಾಗ 2023, ಥೇಟರ್‌ನ್ಯಾಗ 2025. ಫೆಸ್ಟಿವಲ್‌ನವ್ರು ಮೊದಲ ನಮ್ಮಲ್ಲೇ ತೋರಿಸಬೇಕು ಅಂತಾರ, ಅದು ಮುಗಿಯೂತನಕ ಇಲ್ಲಿ ಬಿಡಾಕ ಬರಂಗಿಲ್ಲ, ಆ ಸುದ್ದಿ ಬಿಸಿ ಇರೋವಾಗನ ಇಲ್ಲಿಗೆ ತರೋ ದಾರಿ ಮೊದಲ ಹುಡುಕಿ ಇಟ್ಕೋರಿ.

ಇನ್ನೊಂದು, ತಾಲೂಕಿನ ಥೇಟರ್ ಅರ್ಧಕ್ಕರ್ಧ ಕಲ್ಯಾಣ ಮಂಟಪ ಆಗ್ಯಾವ. ಪ್ರಚಾರ ಅಂದ್ರ ಬೆಂಗಳೂರಾಗ ಪ್ರೆಸ್‌ಮೀಟ್ ಮಾಡಿ ಫೋಟೋ ತಗಸೋದು ಅಷ್ಟ ಅಲ್ರಿ. ನಾವು ಗೆಳ್ಯಾರು ಕೂಡಿ ಒಂದು ಡಿಗ್ರಿ ಕಾಲೇಜ್ ಹಾಲ್‌ನ್ಯಾಗ ಸಣ್ಣ ಸಿನಿಮಾ ಒಂದು ಹಾಕಿಸಿದ್ವಿ, ಟಿಕೆಟ್ ಐವತ್ತು ರೂಪಾಯಿ, ಕುರ್ಚಿ ಸಾಲದ ಹುಡುಗ್ರು ನೆಲದ ಮ್ಯಾಲ ಕುಂತ್ರು, ಸಿನಿಮಾ ಮುಗದಮ್ಯಾಲೂ ಡೈರೆಕ್ಟರ್‌ನ ಬಿಡವಲ್ರು. ನೀನಾಸಂನವ್ರು ಆ ಕಾಲದಾಗ ಊರೂರಿಗೆ ಸಿನಿಮಾ ಒಯ್ದು ತೋರಿಸ್ಯಾರಲ್ಲ, ಈಗ ಪ್ರೊಜೆಕ್ಟರ್ ಎಲ್ಲಾ ಕಾಲೇಜಿನ್ಯಾಗೂ ಐತಿ. ಸೆನ್ಸಾರ್ ಸರ್ಟಿಫಿಕೇಟ್ ಕೈಯಾಗ ಇಟ್ಕೋರಿ, ಸೌಂಡ್ ಬಾಕ್ಸ್ ಹೆಂಗ ಐತಿ ಅಂತ ಮೊದಲ ಹೋಗಿ ಕೇಳಿ ಬರ್ರಿ.

ಲೆಕ್ಕದ_ಪುಸ್ತಕ:
ಸಬ್ಸಿಡಿ ಬಗ್ಗೆ ಯಾರೂ ಬರೆದಿಲ್ಲ ಅಂತ ಬರೀತಿದೀನಿ. ಸರ್ಕಾರದ ಸಹಾಯಧನ ಬರುತ್ತೆ, ಆದ್ರೆ ಸಿನಿಮಾ ಮುಗಿದು, ಸೆನ್ಸಾರ್ ಆಗಿ, ಅರ್ಜಿ ಹಾಕಿ, ಕಮಿಟಿ ನೋಡಿದ ಮೇಲೆ. ಅದನ್ನ ನಂಬ್ಕೊಂಡು ಶೂಟಿಂಗ್ ಶುರು ಮಾಡೋಕಾಗಲ್ಲ. ಎಷ್ಟು ಲೇಟ್ ಅನ್ನೋದಕ್ಕೆ ರಾಜ್ಯ ಪ್ರಶಸ್ತಿನೇ ನೋಡಿ, 2019ನೇ ಸಾಲಿನದ್ದು ಘೋಷಣೆ ಆಗಿದ್ದು 2025ರ ಜನವರಿಯಲ್ಲಿ. ಪ್ರಶಸ್ತಿ ಬಂದ ಸಿನಿಮಾ ಅಂತ ಪೋಸ್ಟರ್ ಮೇಲೆ ಹಾಕ್ಕೊಳ್ಳೋಕೆ ಆ ಸಿನಿಮಾ ಎಲ್ಲಿರುತ್ತೆ ಅಷ್ಟೊತ್ತಿಗೆ. ಇನ್ನು ಸಬ್ಸಿಡಿಗೋಸ್ಕರನೇ ಹತ್ತು ಹನ್ನೆರಡು ದಿನದಲ್ಲಿ ಸುತ್ತಿ ಯಾರಿಗೂ ತೋರಿಸದೇ ಡಬ್ಬದಲ್ಲಿಡೋರೂ ಇದಾರೆ, ಕೇಳಿದ್ರೆ ನಮ್ದು ಕಲಾತ್ಮಕ ಅಂತಾರೆ. ನಿಯತ್ತಾಗಿ ಮಾಡೋರ ಹೆಸರು ಕೆಡ್ತಿರೋದು ಅವ್ರಿಂದ್ಲೇ, ಈ ಮಾತಿಗೆ ಬೈದ್ರೂ ಪರವಾಗಿಲ್ಲ.

ಟಿಕೆಟ್ ರೇಟ್ ಇನ್ನೂರು ದಾಟಬಾರದು ಅಂತ 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಯಮ ತಂತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಡ್ತು. ಅದು ಜಾರಿಯಾದ್ರೆ ದೊಡ್ಡ ಸಿನಿಮಾಗಳಿಗೆ ಹೊಡೆತ ಅಂತ ಎಲ್ರೂ ಅಂದ್ರು. ನನ್ನ ಪ್ರಕಾರ ಸಣ್ಣ ಸಿನಿಮಾಗೆ ರೇಟಿಗಿಂತ ಶೋ ಟೈಮ್ ಮುಖ್ಯ. ಸಂಜೆ ಆರೂವರೆಗೆ ಒಂದೇ ಒಂದು ಶೋ ಎರಡು ವಾರ ತೆಗೀಬೇಡಿ ಅಂತ ನಿಯಮ ಮಾಡ್ಲಿ, ನೋಡೋಣ. ಕೇರಳದೋರು 2024ರ ಮಾರ್ಚ್‌ನಲ್ಲಿ ಸರ್ಕಾರದ್ದೇ ಸಿ ಸ್ಪೇಸ್ ಅಂತ ಓಟಿಟಿ ಶುರು ಮಾಡಿದ್ರು, 75 ರೂಪಾಯಿ ಕೊಟ್ಟು ಒಂದು ಸಿನಿಮಾ ನೋಡೋದು. ನಮ್ಮಲ್ಲೂ 2025ರ ಬಜೆಟ್‌ನಲ್ಲಿ ಓಟಿಟಿ ಮಾಡ್ತೀವಿ ಅಂದ್ರು. ಅದನ್ನ ನಂಬಿ ಬಜೆಟ್ ಹಾಕಬೇಡಿ ಅಷ್ಟೇ.

ಹಂಪನಕಟ್ಟೆ:
ಎಲ್ರೂ ಸೇರಿ ಪಾಪ ಅವ್ರನ್ನ ಹೆದರಿಸ್ತಾ ಇದ್ದೀರಿ ಮಾರಾಯ್ರೆ. ‘ಸು ಫ್ರಮ್ ಸೋ’ ನೋಡಿ, ಪ್ರಚಾರಕ್ಕೆ ಸುರಿದದ್ದೇನೂ ಇಲ್ಲ, ರಿಲೀಸಿನ ಮೊದಲೇ ಪೇಯ್ಡ್ ಪ್ರೀಮಿಯರ್ (ಟಿಕೆಟ್ ಇಟ್ಟು ಮುಂಚಿತ ಶೋ) ಇಟ್ಟರು, ಜನವೇ ಜನಕ್ಕೆ ಹೇಳಿದರು, ನೂರು ಕೋಟಿ ದಾಟಿತು.

ಕಟ್_ಓಕೆ:
ಹಂಪನಕಟ್ಟೆಯೋರೇ, ಅದು ನಗಿಸೋ ಸಿನಿಮಾ, ಹಿಂದೆ ಪ್ರೊಡ್ಯೂಸರ್ ಆಗಿ ರಾಜ್ ಬಿ ಶೆಟ್ಟಿ ಇದ್ರು. ನಗು ಬೇಗ ಹಬ್ಬುತ್ತೆ. ಥಿಯೇಟರ್‌ನಿಂದ ಹೊರಗೆ ಬಂದು ಅರ್ಧ ಗಂಟೆ ಮಾತಾಡದೇ ಕೂರಿಸೋ ಸಿನಿಮಾಗೆ ಪ್ರೀಮಿಯರ್‌ನಲ್ಲಿ ಸೆಲ್ಫಿ ವಿಡಿಯೋ ಬರಲ್ಲ. ಆದ್ರೂ ಪ್ರೀಮಿಯರ್ ಐಡಿಯಾ ಒಳ್ಳೇದೇ, ಬೆಂಗಳೂರು ಬಿಟ್ಟು ಮೊದಲು ಹಾಸನದಲ್ಲೇ ಇಡಿ, ಶೂಟಿಂಗ್ ಆದ ಊರಿನೋರು ಬಂದೇ ಬರ್ತಾರೆ.

ಹಾಸನದ_ಹುಡುಗಿ:
ಎಲ್ರಿಗೂ ಥ್ಯಾಂಕ್ಸ್. ಸೈಟ್ ಮಾರಲ್ಲ, ಅಮ್ಮಂಗೆ ಈಗ್ಲೇ ಹೇಳಿದೆ. ಕಟ್_ಓಕೆ ಸರ್, ಗೋವಾದಲ್ಲಿ ಫಿಲ್ಮ್ ಬಜಾರ್ ಅಂತಾರಲ್ಲ, ನಮ್ಮಂಥೋರಿಗೆ ಅಲ್ಲಿ ಏನಾದ್ರೂ ಆಗುತ್ತಾ?

ಕಟ್_ಓಕೆ:
ಆಗುತ್ತೆ, ಆದ್ರೆ ದುಡ್ಡಿನ ಬ್ಯಾಗ್ ಹಿಡ್ಕೊಂಡು ಯಾರೂ ಕೂತಿರಲ್ಲ. ನವೆಂಬರ್‌ನಲ್ಲಿ ಇಫಿ (ಗೋವಾದ ಅಂತಾರಾಷ್ಟ್ರೀಯ ಚಿತ್ರೋತ್ಸವ) ಜೊತೆಗೇ ನಡೆಯುತ್ತೆ, ಕೇಂದ್ರ ಸರ್ಕಾರದ ಎನ್‌ಎಫ್‌ಡಿಸಿಯೋರದ್ದು. ಸ್ಕ್ರಿಪ್ಟ್ ಹಂತದಲ್ಲಿ ಇದ್ರೆ ಜೊತೆ ನಿರ್ಮಾಪಕರನ್ನ ಹುಡುಕೋ ಕೋ ಪ್ರೊಡಕ್ಷನ್ ಮಾರ್ಕೆಟ್‌ಗೆ ಅರ್ಜಿ ಹಾಕಿ, ರಫ್ ಕಟ್ (ಮೊದಲ ಹಂತದ ಎಡಿಟ್) ಇದ್ರೆ ವರ್ಕ್ ಇನ್ ಪ್ರೋಗ್ರೆಸ್ ಲ್ಯಾಬ್‌ಗೆ. ಲ್ಯಾಬ್‌ನಲ್ಲಿ ಹೊರಗಿನ ಎಡಿಟರ್‌ಗಳು, ಫೆಸ್ಟಿವಲ್‌ನೋರು ಕೂತು ನೋಡಿ ಹೇಳ್ತಾರೆ, ಅಲ್ಲಿ ಆಗೋ ಪರಿಚಯ ಆಮೇಲೆ ಕೆಲಸಕ್ಕೆ ಬರುತ್ತೆ. ಅರ್ಜಿ ತಿಂಗಳುಗಟ್ಟಲೆ ಮುಂಚೆನೇ ಕ್ಲೋಸ್ ಆಗುತ್ತೆ, ನವೆಂಬರ್‌ನಲ್ಲಿ ಎದ್ರೆ ಆಗಲ್ಲ. ಕಥೆನ ಒಂದು ಪುಟದಲ್ಲಿ ಇಂಗ್ಲಿಷಲ್ಲಿ ಬರೀಬೇಕು, ‘ಮಾನವೀಯ ಸಂಬಂಧಗಳ ಕಥೆ’ ಥರದ ಸಾಲು ಬೇಡ, ಪಾಲು ಮಾಡೋ ದಿನ ಮನೇಲಿ ಏನೇನಾಯ್ತು ಅಂತ ನೇರವಾಗಿ ಬರೀರಿ. ಸಬ್‌ಟೈಟಲ್ ಫ್ರೆಂಡ್ ಕೈಲಿ ಮಾಡಿಸಬೇಡಿ, ಗೊತ್ತಿರೋರಿಗೆ ದುಡ್ಡು ಕೊಟ್ಟು ಮಾಡಿಸಿ, ಸೆಲೆಕ್ಷನ್‌ನೋರು ಅದನ್ನೇ ಓದ್ಕೊಂಡು ಸಿನಿಮಾ ನೋಡೋದು. ಆ ಒಂದು ಪುಟ ಬರೆದಾದ್ಮೇಲೆ ನಂಗೆ ಕಳಿಸಿ, ಓದಿ ಹೇಳ್ತೀನಿ. ಈ ವಾರ ಬೇಡ, ನಮ್ದೇ ಒಂದರ ಡಬ್ಬಿಂಗ್ ನಡೀತಿದೆ.