ಲಗ್ನಪತ್ರಿಕೆಯ ಇಂಗ್ಲಿಷ್ ಪುಟದಲ್ಲಿ ‘ಮ್ಯಾರೇಜ್’ ಸರಿಯೋ ‘ವೆಡ್ಡಿಂಗ್’ ಸರಿಯೋ?

ಮಲೆನಾಡಿನ ಅಪ್ಪ:
ಮಗಳ ಮದುವೆ ಮಾಘದಲ್ಲಿ ನಿಶ್ಚಯವಾಗಿದೆ. ಹುಡುಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ಕಚೇರಿಯವರಿಗಾಗಿ ಇಂಗ್ಲಿಷ್ ಪುಟವೂ ಬೇಕಂತೆ. ನಾನು ‘ಸಾಲಿಸಿಟ್ ಯುವರ್ ಗ್ರೇಷಿಯಸ್ ಪ್ರೆಸೆನ್ಸ್’ ಎಂದು ಶುರುಮಾಡಿ, ‘ಮ್ಯಾರೇಜ್ ಆಫ್ ಅವರ್ ಡಾಟರ್ ವಿತ್’ ಎಂದು ಮುಂದುವರಿಸಿದ್ದೆ. ತಮ್ಮನ ಮಗಳು ಅಲ್ಲೇ ಓದುತ್ತಿರುವವಳು. ‘ದೊಡ್ಡಪ್ಪಾ, ಮ್ಯಾರೇಜ್ ಎಂದರೆ ಸಂಸಾರ, ಸಮಾರಂಭಕ್ಕೆ ವೆಡ್ಡಿಂಗ್ ಎನ್ನಬೇಕು’ ಎಂದು ಕೆಂಪು ಗೆರೆ ಎಳೆದು ಕಳುಹಿಸಿದ್ದಾಳೆ. ಇಬ್ಬರಲ್ಲಿ ಯಾರು ಸರಿ? ಇನ್ನೊಂದು, ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಹಿರಿಯ ಮಗನ ಬೀಗರ ಹೆಸರೂ ಬರಬೇಕು. ‘ಬೀಗರು’ ಎನ್ನಲು ಇಂಗ್ಲಿಷಿನಲ್ಲಿ ಏನು ಬರೆಯಲಿ?

ಅಚ್ಚಿನಮನೆ:
ಸ್ವಾಮಿ, ಲಗ್ನಪತ್ರಿಕೆ ಅಚ್ಚು ಹಾಕುವುದೇ ನನ್ನ ಕಸುಬು. ಅಪ್ಪ ಮೊಳೆ ಜೋಡಿಸುತ್ತಿದ್ದರು, ನಾನು ಕೀಲಿಮಣೆ ಕುಟ್ಟುತ್ತೇನೆ. ಜನ ತರುವ ಇಂಗ್ಲಿಷ್ ಮಾತ್ರ ಅಂದಿನದೇ.

ಹುಡುಗಿ ಹೇಳಿದ್ದು ಆಡುವ ಮಾತಿಗೆ ಸರಿ. ಆ ಒಂದು ದಿನದ ಸಡಗರಕ್ಕೆ ಸೇರಿದ್ದೆಲ್ಲ ವೆಡ್ಡಿಂಗ್: ಉಂಗುರ, ಕೇಕು, ಉಡುಪು. ಬಾಳಿಗೂ ಕಾನೂನಿಗೂ ಸೇರಿದ್ದು ಮ್ಯಾರೇಜ್. ‘ವೆಡ್ಡಿಂಗ್ ಸರ್ಟಿಫಿಕೇಟ್’ ಎಂದು ಯಾವ ಕಚೇರಿಯೂ ಕೊಡುವುದಿಲ್ಲ. ನಾವು ಮಾತ್ರ ‘ಮ್ಯಾರೇಜ್‌ಗೆ ಹೋಗಿದ್ದೆ, ಊಟ ಚೆನ್ನಾಗಿತ್ತು’ ಎನ್ನುತ್ತೇವೆ. ಲೆಸ್ಟರ್‌ನಲ್ಲಿ ಹಾಗೆಂದರೆ ಹುಬ್ಬೇರಿಸಿಯಾರು.

ಆದರೆ ಪತ್ರಿಕೆಯ ಮಾತು ಬೇರೆ. ಹಳೆಯ ಕ್ರಮ ಬಿಡದ ಇಂಗ್ಲಿಷರ ಆಮಂತ್ರಣದಲ್ಲಿ ಇರುವುದೇ ‘ರಿಕ್ವೆಸ್ಟ್ ದ ಪ್ಲೆಷರ್ ಆಫ್ ಯುವರ್ ಕಂಪನಿ ಅಟ್ ದ ಮ್ಯಾರೇಜ್ ಆಫ್ ದೇರ್ ಡಾಟರ್’ ಎಂದು. ಮಗಳ ಹೆಸರಾದ ಮೇಲೆ ‘ಟು’, ಆಮೇಲೆ ವರನ ಹೆಸರು. ಆದ್ದರಿಂದ ನಿಮ್ಮ ‘ಮ್ಯಾರೇಜ್’ ನಿಲ್ಲಲಿ, ‘ವಿತ್’ ಹೋಗಲಿ. ‘ಮ್ಯಾರೇಜ್ ವಿತ್’ ಪೂರ್ತಿ ತಪ್ಪೇನಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವಳ ತಂಗಿಯನ್ನೋ ಅಕ್ಕನನ್ನೋ ಮದುವೆಯಾಗಬಹುದೇ ಎಂದು ಬ್ರಿಟಿಷ್ ಸಂಸತ್ತು ದಶಕಗಟ್ಟಲೆ ಜಗಳವಾಡಿ 1907ರಲ್ಲಿ ಕಾಯ್ದೆ ಮಾಡಿತಲ್ಲ, ಆ ಚರ್ಚೆಯ ತುಂಬ ಇದ್ದದ್ದು ‘ಮ್ಯಾರೇಜ್ ವಿತ್’ ಎಂದೇ. ಕ್ರಿಯಾಪದವಾದಾಗ ಮಾತ್ರ ಎಚ್ಚರ. ‘ಮ್ಯಾರೀಡ್ ಟು’ ಎಂದರೆ ಇಂಥವರನ್ನು ಮದುವೆಯಾದವರು. ‘ಮ್ಯಾರೀಡ್ ವಿತ್ ಟೂ ಚಿಲ್ಡ್ರನ್’ ಎಂದರೆ ಮದುವೆಯಾಗಿದೆ, ಇಬ್ಬರು ಮಕ್ಕಳೂ ಇದ್ದಾರೆ.

ನಿಜವಾಗಿ ಕೆಂಪು ಗೆರೆ ಬೀಳಬೇಕಾದದ್ದು ‘ಸಾಲಿಸಿಟ್’ ಮೇಲೆ. ಅಲ್ಲಿಯವರ ಕಿವಿಗೆ ಅದು ಬೀದಿಯಲ್ಲಿ ನಿಂತು ಗಿರಾಕಿ ಕರೆಯುವ ಮಾತು. ಕನ್ನಡದ ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂಬುದರ ಗತ್ತನ್ನು ಇಂಗ್ಲಿಷಿಗೆ ಹೊರಿಸಲು ಹೋಗಿ ನಮ್ಮವರು ಇದನ್ನು ಹಿಡಿದುಕೊಂಡಿದ್ದಾರೆ. ಮಂಟಪದ ಬಾಗಿಲಿಗೆ ಹೂವಿನಲ್ಲಿ ಬರೆಯುವ ‘ವೆಡ್ಸ್’ ಇರಲಿ ಬಿಡಿ. ಸುದ್ದಿಪತ್ರಿಕೆಯ ಶೀರ್ಷಿಕೆ ಬಿಟ್ಟರೆ ಅಲ್ಲಿ ಅದನ್ನು ಬಳಸುವವರು ಕಡಿಮೆ, ಆದರೆ ಅರ್ಥ ಎಲ್ಲರಿಗೂ ಆಗುತ್ತದೆ.

ಇಂಗ್ಲಿಷ್ ಮೇಷ್ಟ್ರು:
ಅಚ್ಚಿನಮನೆಯವರ ಮಾತಿಗೆ ಒಂದು ಬಾಲಂಗೋಚಿ. ಹಳೆಯ ಇಂಗ್ಲಿಷಿನ ‘ವೆಡ್’ ಎಂದರೆ ಒತ್ತೆ, ಕೊಟ್ಟ ಮಾತು. ದಾಂಪತ್ಯ ಎಂಬರ್ಥದ ‘ವೆಡ್‌ಲಾಕ್’ನಲ್ಲಿರುವ ‘ಲಾಕ್’ ಬೀಗವಲ್ಲ, ಕ್ರಿಯೆಯನ್ನು ಸೂಚಿಸುವ ಹಳೆಯ ಪ್ರತ್ಯಯ. ಮದುವೆಯಲ್ಲಿ ಬೀಗ ಕಾಣಿಸುವುದು ನಮ್ಮ ಬೀಗರಲ್ಲೇ! ‘ಬ್ರೈಡ್‌ಗ್ರೂಮ್’ನ ಬಾಲವೂ ಮೊದಲು ‘ಗುಮ’ ಎಂದಿತ್ತು, ಗಂಡಸು ಎಂಬ ಅರ್ಥದಲ್ಲಿ. ಆ ಪದ ಮರೆತುಹೋದ ಮೇಲೆ 16ನೆಯ ಶತಮಾನದ ಹೊತ್ತಿಗೆ ಜನ ‘ಗ್ರೂಮ್’ ಅಂಟಿಸಿದರು. ಹುಡುಗ, ಆಳು ಎಂಬ ಅರ್ಥವಿದ್ದ ಆ ಮಾತು ಕುದುರೆ ನೋಡಿಕೊಳ್ಳುವವನಿಗೂ ಸಲ್ಲುತ್ತದೆ.

ರಜೆಯ ಅರ್ಜಿ ಬರೆಯುವಾಗ ಇನ್ನೊಂದು ಜಾಗ್ರತೆ. ಕನ್ನಡದಲ್ಲಿ ಮದುವೆಯಾಗುವುದು, ಮಾಡಿಕೊಡುವುದು, ಮಾಡಿಸುವುದು ಬೇರೆ ಬೇರೆ. ಇಂಗ್ಲಿಷಿನ ‘ಮ್ಯಾರಿ’ ವಧೂವರರಿಗೂ ತಂದೆಗೂ ಪಾದ್ರಿಗೂ ಒಂದೇ. ‘ಐ ಆಮ್ ಮ್ಯಾರಿಯಿಂಗ್ ಮೈ ಡಾಟರ್’ ಎಂದು ಬರೆದು ಕೈಬಿಟ್ಟರೆ ಕೆಟ್ಟಿತು. ಯಾರಿಗೆ ಎಂಬುದನ್ನೂ ಬರೆಯಿರಿ.

ನಿವೃತ್ತ ಗುಮಾಸ್ತ:
ಮಗಳ ವೀಸಾಕ್ಕೆ ನೋಂದಣಿ ಪ್ರಮಾಣಪತ್ರ ಬೇಕಾಗುತ್ತದೆ. ಅರ್ಜಿಯಲ್ಲಿ ‘ಸಾಲಮ್ನೈಸ್ಡ್’ ಎಂಬ ಪದ ಕಂಡರೆ ನೋಂದಣಿಯ ತಾರೀಖು ತುಂಬಬೇಡಿ, ಧಾರೆಯ ತಾರೀಖು ತುಂಬಿ. 1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮಿನಲ್ಲಿರುವುದೂ ಇದೇ ಪದ: ಸಂಪ್ರದಾಯದ ವಿಧಿಗಳೊಂದಿಗೆ ನೆರವೇರಿದ್ದು ಎಂದರ್ಥ. ವಿಧಿಯೇ ನಡೆಯದೆ ಬರಿಯ ಪ್ರಮಾಣಪತ್ರವಿದ್ದರೆ ಅದು ಮದುವೆಯಾಗದು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಧಾರೆಯ ಫೋಟೋ, ಲಗ್ನಪತ್ರಿಕೆಯ ಪ್ರತಿ ಜೋಪಾನ.

ಮಲೆನಾಡಿನ ಅಪ್ಪ:
ಎಲ್ಲರಿಗೂ ನಮಸ್ಕಾರ. ‘ಸಾಲಿಸಿಟ್’ ಹೊಡೆದು ಹಾಕಿದೆ. ಬೀಗರ ವಿಷಯ ಹಾಗೇ ಉಳಿಯಿತಲ್ಲ?

ಅಚ್ಚಿನಮನೆ:
ಅದಕ್ಕೆ ಇಂಗ್ಲಿಷಿನಲ್ಲಿ ಒಂಟಿ ಪದವೇ ಇಲ್ಲ. ‘ಕೋ-ಬ್ರದರ್’ ಎಂದು ಬರೆದೀರಿ, ಅದು ಷಡ್ಡಕನಿಗೆ ನಾವೇ ಕಟ್ಟಿಕೊಂಡದ್ದು, ಲೆಸ್ಟರ್‌ನಲ್ಲಿ ನಡೆಯುವುದಿಲ್ಲ. ಇಂಗ್ಲಿಷ್ ಪುಟದಲ್ಲಿ ಬರಿಯ ಹೆಸರು ಹಾಕಿ, ಕನ್ನಡದ ಪುಟದಲ್ಲಿ ‘ಬೀಗರು’ ದಪ್ಪಕ್ಷರದಲ್ಲಿರಲಿ. ಬೀಗರು ಓದುವುದು ಆ ಪುಟವನ್ನೇ. ಪ್ರೂಫ್ ಬಂದಾಗ ಅವರ ಇನಿಷಿಯಲ್ ಇನ್ನೊಮ್ಮೆ ನೋಡಿ. ನಮ್ಮಲ್ಲಿಗೆ ಪತ್ರಿಕೆ ವಾಪಸು ಬರುವುದು ಹೆಚ್ಚಾಗಿ ಅದಕ್ಕೇ.