ಚಳಿಗೆ ಜಗ್ಗದ ಹೆನ್ಸ್ ಅಂಡ್ ಚಿಕ್ಸ್ ಬೆಂಗಳೂರಿನ ತಾರಸಿಯಲ್ಲಿ ಕೊಳೆಯುವುದೇಕೆ?

ಮಹಡಿತೋಟ, ಬಸವನಗುಡಿ

ಕಳೆದ ಡಿಸೆಂಬರಿನಲ್ಲಿ ಆನ್‌ಲೈನ್ ಮಾರಾಟಗಾರರೊಬ್ಬರಿಂದ ‘ಹೆನ್ಸ್ ಅಂಡ್ ಚಿಕ್ಸ್’ ಎಂಬ ಹೆಸರಿನಲ್ಲಿ ಆರು ಗಿಡಗಳನ್ನು ತರಿಸಿಕೊಂಡೆ. ಹಿಮದಡಿಯಲ್ಲೂ ಬದುಕುವ, ಸಾವೇ ಇಲ್ಲದ ಗಿಡವೆಂಬ ವಿವರಣೆ ಜೊತೆಗಿತ್ತು. ಹಿಮವನ್ನೇ ತಾಳುವ ಗಿಡಕ್ಕೆ ನಮ್ಮೂರಿನ ಹವೆ ಯಾವ ಲೆಕ್ಕ ಎಂದುಕೊಂಡು, ಕೆಮ್ಮಣ್ಣಿಗೆ ಅಷ್ಟೇ ಪ್ರಮಾಣದ ಕೊಟ್ಟಿಗೆ ಗೊಬ್ಬರ ಬೆರೆಸಿ ಅಗಲವಾದ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟೆ. ಫೆಬ್ರವರಿಯವರೆಗೆ ಎಲ್ಲವೂ ನಳನಳಿಸುತ್ತಿದ್ದವು. ಏಪ್ರಿಲ್‌ನಲ್ಲಿ ನಾಲ್ಕು ಗಿಡಗಳು ಎಲೆಗಳನ್ನು ಮೊಗ್ಗಿನಂತೆ ಒಳಕ್ಕೆ ಮಡಚಿಕೊಂಡವು; ಬಾಯಾರಿದೆಯೆಂದು ತಿಳಿದು ದಿನವೂ ನೀರುಣಿಸಿದೆ. ಮೇ ತಿಂಗಳಲ್ಲಿ ಎರಡು ಜೋರು ಮಳೆ ಬಿದ್ದ ಮೇಲೆ ಆ ನಾಲ್ಕೂ ಬುಡದಲ್ಲಿ ಕೊಳೆತು, ಎತ್ತಿದರೆ ಕೈಗೇ ಬಂದವು. ಅದೇ ಕುಂಡದ ಉಳಿದೆರಡು ಗಿಡಗಳು ಮಾತ್ರ ಏನೂ ಆಗದಂತೆ ಇದ್ದು, ಒಂದರ ಸುತ್ತ ಮೂರು ಮರಿಗಳೂ ಎದ್ದಿವೆ. ಒಂದೇ ಹೆಸರಿನ, ಒಂದೇ ಮಣ್ಣಿನ ಗಿಡಗಳಲ್ಲಿ ಈ ವ್ಯತ್ಯಾಸವೇಕೆ? ಮತ್ತೆ ತರಿಸಬಹುದೇ?

ಕಲ್ಲುಹೂ, ಮಲ್ಲೇಶ್ವರ

ನಿಮ್ಮಲ್ಲಿದ್ದದ್ದು ಬಹುಶಃ ಎರಡು ಬೇರೆ ಬೇರೆ ಗಿಡಗಳು. ನಡುವೆ ಹೇಂಟೆ, ಸುತ್ತ ಮರಿಗಳು ಎಂಬ ನೋಟದಿಂದಾಗಿ ಸೆಂಪರ್‌ವೈವಮ್ ಮತ್ತು ಎಕೆವೇರಿಯಾ ಎರಡನ್ನೂ ಆ ಹೆಸರಿನಲ್ಲೇ ಮಾರುತ್ತಾರೆ. ನಮ್ಮ ಕಾಡುಬಸಳೆ ಸೇರಿದ ಕ್ರಾಸುಲೇಸಿ ಕುಟುಂಬಕ್ಕೇ ಇವೂ ಸೇರಿವೆಯಾದರೂ ಹುಟ್ಟಿದ ನೆಲ ಮಾತ್ರ ಬೇರೆ. ಸೆಂಪರ್‌ವೈವಮ್ ಆಲ್ಪ್ಸ್, ಪಿರೆನೀಸ್, ಬಾಲ್ಕನ್, ಕಾಕಸಸ್ ಪರ್ವತಗಳ ಬಂಡೆಸಂದುಗಳದ್ದು. ಎಕೆವೇರಿಯಾ ಹೆಚ್ಚಾಗಿ ಮೆಕ್ಸಿಕೋದ ಎತ್ತರದ ನೆಲದ್ದು. ಅಲ್ಲಿನ ಸಸ್ಯಚಿತ್ರಕಾರ ಅತನಾಸಿಯೋ ಎಚೆವೆರಿಯಾ ಅವರ ಹೆಸರನ್ನು 1828ರಲ್ಲಿ ಅದಕ್ಕಿಟ್ಟರು. ಚಳಿ ತಾಳುವ ಖ್ಯಾತಿ ಮೊದಲನೆಯದಕ್ಕೆ ಮಾತ್ರ ಸಲ್ಲುತ್ತದೆ. ಎಕೆವೇರಿಯಾಗಳಲ್ಲಿ ಹೆಚ್ಚಿನವು ಗಟ್ಟಿ ಹಿಮಕ್ಕೆ ಸಿಕ್ಕರೆ ನೀರಾಗಿಹೋಗುತ್ತವೆ.

ಭೂತಗನ್ನಡಿ ಹಿಡಿದು ಎಲೆಯಂಚನ್ನು ನೋಡಿ. ಅಂಚಿನುದ್ದಕ್ಕೂ ಕಣ್ರೆಪ್ಪೆಯಂಥ ಸಣ್ಣ ರೋಮಗಳಿದ್ದು, ತಾಯಿಗಿಡದಿಂದ ಹೊರಟ ದಾರದಂಥ ಬಳ್ಳಿಯ ತುದಿಯಲ್ಲಿ ಮರಿ ಕುಳಿತಿದ್ದರೆ ಅದು ಸೆಂಪರ್‌ವೈವಮ್. ಅಂಚು ನುಣುಪಾಗಿ, ಎಲೆಯ ಮೇಲೆ ಬೂದಿ ಬಳಿದಂಥ ಮೇಣವಿದ್ದರೆ ಎಕೆವೇರಿಯಾ ಎಂದುಕೊಳ್ಳಬಹುದು. ಇನ್ನೊಂದು ಪರೀಕ್ಷೆಯೂ ಇದೆ: ಎಕೆವೇರಿಯಾದ ಎಲೆಯೊಂದನ್ನು ಬುಡಸಮೇತ ಕಿತ್ತು ಒಣಮಣ್ಣಿನ ಮೇಲಿಟ್ಟರೆ ಕೆಲವೇ ವಾರಗಳಲ್ಲಿ ಬೇರು, ಮೊಳಕೆ ಕಾಣಿಸಿಕೊಳ್ಳುತ್ತವೆ, ಸೆಂಪರ್‌ವೈವಮ್ ಎಲೆ ಸಾಮಾನ್ಯವಾಗಿ ಸುಮ್ಮನೆ ಒಣಗುತ್ತದೆ.

ಇನ್ನು ಸಾವಿನ ಕಾರಣ. ಇಂಥ ಗಿಡಗಳು ನೀರು ಉಳಿಸಲು ಹಗಲಿನಲ್ಲಿ ಎಲೆರಂಧ್ರಗಳನ್ನು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆದು, ಆಗ ಹೀರಿದ ಇಂಗಾಲದ ಡೈಆಕ್ಸೈಡನ್ನು ಆಮ್ಲರೂಪದಲ್ಲಿ ಕೂಡಿಟ್ಟುಕೊಂಡು ಮರುದಿನದ ಬಿಸಿಲಿನಲ್ಲಿ ಸಕ್ಕರೆಯಾಗಿಸುತ್ತವೆ. ಪರ್ವತಗಳಲ್ಲಿ ಬೇಸಿಗೆಯ ರಾತ್ರಿಯೂ ತಣ್ಣಗಿರುತ್ತದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದರೂ ಏಪ್ರಿಲ್‌ನ ರಾತ್ರಿಗಳು 22 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತವೆ, ಹಗಲು 34 ಮುಟ್ಟುತ್ತದೆ. ಆಗ ಸೆಂಪರ್‌ವೈವಮ್ ಎಲೆ ಮಡಚಿ ನಿದ್ದೆಗೆ ಜಾರುತ್ತದೆ. ನೀವು ಬಾಯಾರಿಕೆ ಎಂದು ಓದಿಕೊಂಡದ್ದು ಆ ನಿದ್ದೆಯನ್ನೇ. ಬೇರು ಕೆಲಸ ನಿಲ್ಲಿಸಿರುವಾಗ ನಿತ್ಯ ನೀರೆರೆದರೆ ಗೊಬ್ಬರ ತುಂಬಿದ ಬೆಚ್ಚಗಿನ ಮಣ್ಣಿನಲ್ಲಿ ಶಿಲೀಂಧ್ರಕ್ಕೆ ಹಬ್ಬ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 1884ರ ಜನವರಿಯ 7.8 ಡಿಗ್ರಿ, ಆ ಗಿಡದ ಶೌರ್ಯಕ್ಕೆ ಈ ಊರಿನಲ್ಲಿ ಕೆಲಸವೇ ಇಲ್ಲ.

ಕೆಂಪುಮಣ್ಣು, ಯಲಹಂಕ

ಮೇಲಿನ ವಿವರಣೆ ಸರಿಯಾಗಿದೆ. ಆದರೆ ಸೆಂಪರ್‌ವೈವಮ್ ಇಲ್ಲಿ ಬದುಕುವುದೇ ಇಲ್ಲವೆಂದು ಯಾರೂ ತೀರ್ಮಾನಿಸಬೇಕಾಗಿಲ್ಲ. ನನ್ನಲ್ಲಿ ಎರಡು ಗಿಡಗಳು ಮೂರನೆಯ ಮಳೆಗಾಲ ಕಂಡಿವೆ. ಚೆಂದವಾಗಿವೆ ಎಂದರೆ ಸುಳ್ಳಾದೀತು. ಚಳಿಗಾಲದಲ್ಲಿ ಅರಳಿ ತುದಿ ಕೆಂಪಾಗುತ್ತವೆ, ಉಳಿದ ತಿಂಗಳುಗಳಲ್ಲಿ ಮುದುಡಿಕೊಂಡು ಕಾಲ ನೂಕುತ್ತವೆ.

ಗಿಡಕ್ಕಿಂತ ಮೊದಲು ಮಣ್ಣನ್ನು ಬದಲಿಸಿ. ನಮ್ಮ ಕೆಮ್ಮಣ್ಣು ಒದ್ದೆಯಾದಾಗ ಅಂಟಾಗಿ, ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಬಂಡೆಸಂದಿನ ಬೇರಿಗೆ ಎರಡೂ ಆಗದು. ನಾನು ಕಡಲೆಕಾಳಿನ ಗಾತ್ರಕ್ಕೆ ಒಡೆದ ಇಟ್ಟಿಗೆ ಚೂರು ಮತ್ತು ಪ್ಯೂಮಿಸ್ ಎಂಬ ಹಗುರವಾದ ಜ್ವಾಲಾಮುಖಿ ಕಲ್ಲು ಸೇರಿ ಮೂರು ಪಾಲು, ಜರಡಿ ಹಿಡಿದ ಎಲೆಗೊಬ್ಬರ ಒಂದು ಪಾಲು, ಜೊತೆಗೆ ಒಂದು ಹಿಡಿ ಇದ್ದಿಲ ಪುಡಿ ಬೆರೆಸುತ್ತೇನೆ. ಎಂ ಸ್ಯಾಂಡನ್ನು ತೊಳೆಯದೆ ಬಳಸಬೇಡಿ, ಅದರ ಹಿಟ್ಟು ಕುಂಡದ ತಳದಲ್ಲಿ ಸಿಮೆಂಟಿನಂತೆ ಕೂರುತ್ತದೆ. ಕುಂಡ ಸುಟ್ಟ ಮಣ್ಣಿನದೇ ಆಗಿರಲಿ. ಪಾಟರಿ ಟೌನ್ ಕಡೆ ಹೋದರೆ ಅಗಲವಾದ, ಆಳವಿಲ್ಲದ ತಟ್ಟೆಕುಂಡಗಳು ಸಿಗುತ್ತವೆ, ಇವಕ್ಕೆ ನಾಲ್ಕು ಅಂಗುಲ ಆಳ ಧಾರಾಳವಾಯಿತು.

ಮೇ ತಿಂಗಳ ಗುಡುಗು ಮಳೆ ಒಂದೆರಡು ಗಂಟೆ ಸುರಿದು ಹೋಗುತ್ತದೆ. ನಿಜವಾಗಿ ಅಂಜಬೇಕಾದದ್ದು ಉತ್ತರೆಯಿಂದ ಚಿತ್ತೆಯವರೆಗಿನ ಮಳೆಗೆ, ಆಗ ಕುಂಡ ಒಣಗಲು ಬಿಡುವೇ ಸಿಗುವುದಿಲ್ಲ. ಆ ದಿನಗಳಲ್ಲಿ ಪಾರದರ್ಶಕ ಶೀಟಿನ ಕೆಳಗೆ, ನಾಲ್ಕೂ ಕಡೆ ಗಾಳಿಯಾಡುವಂತೆ ಇಡಿ. ಬೇಸಿಗೆಯಲ್ಲಿ ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನಕ್ಕೆ ನೆರಳುಬಲೆ ಬೇಕು. ಕಾದ ತಾರಸಿಯ ನೆಲಕ್ಕೆ ತಾಗದಂತೆ ಕುಂಡದ ಕೆಳಗೆ ಎರಡು ಇಟ್ಟಿಗೆ ಇಡಿ.

ಮಹಡಿತೋಟ

ಇಬ್ಬರಿಗೂ ಧನ್ಯವಾದಗಳು. ಉಳಿದೆರಡು ಗಿಡಗಳ ಎಲೆಯಂಚು ನುಣುಪಾಗಿದೆ, ಬೂದಿಯೂ ಇದೆ, ಆದ್ದರಿಂದ ಎಕೆವೇರಿಯಾ ಎಂದೇ ಒಪ್ಪುತ್ತೇನೆ. ಈಗ ಒಂದರ ಪಕ್ಕದಿಂದ ಹೂದಂಟು ಮೇಲೇಳುತ್ತಿದೆ. ಹೂಬಿಟ್ಟರೆ ತಾಯಿಗಿಡ ಸಾಯುತ್ತದೆಂದು ಎಲ್ಲೋ ಓದಿದ್ದೆ, ದಂಟನ್ನು ಚಿವುಟಬೇಕೇ? ಎಲೆಸಂದಿನಲ್ಲಿ ಬಿಳಿ ಹತ್ತಿಯಂಥದ್ದೂ ಕಾಣುತ್ತಿದೆ.

ಕಲ್ಲುಹೂ

ಬೇಡ. ಆ ಮಾತು ಸೆಂಪರ್‌ವೈವಮ್‌ಗೆ ಸಲ್ಲುತ್ತದೆ. ಅದರ ನಟ್ಟನಡುವೆಯೇ ಉದ್ದವಾಗಿ ಎದ್ದ ದಂಟಿನಲ್ಲಿ ನಕ್ಷತ್ರದಂಥ ಹೂ ಬಿಟ್ಟು, ಆ ತಾಯಿ ಸತ್ತು, ಸುತ್ತಲಿನ ಮರಿಗಳು ಜಾಗ ತುಂಬುತ್ತವೆ. ಯುರೋಪಿನಲ್ಲಿ ಸಿಡಿಲಿಗೆ ರಕ್ಷೆಯೆಂದು ಅದನ್ನು ಮನೆಯ ಸೂರಿನ ಮೇಲೆ ಬೆಳೆಸುತ್ತಿದ್ದರು. ತೋಟಗಾರನ ಮನೆಯ ಮೇಲೆ ಅದಿರಲೇಬೇಕೆಂದು ಕ್ರಿ.ಶ. 800ರ ಸುಮಾರಿನ, ಪಶ್ಚಿಮ ಯುರೋಪನ್ನಾಳಿದ ದೊರೆ ಷಾರ್ಲಮೇನನ ಆಜ್ಞಾಪತ್ರದಲ್ಲೂ ಇದೆ. ಒಮ್ಮೆ ನೆಟ್ಟರೆ ಸೂರು ಬರಿದಾಗದೆ ಉಳಿಯುತ್ತಿದ್ದುದು ಈ ಮರಿಗಳಿಂದಲೇ ಇರಬೇಕು. ಎಕೆವೇರಿಯಾ ಪಕ್ಕದಿಂದ ಗಂಟೆಯಾಕಾರದ ಹೂ ಬಿಟ್ಟು ಮುಂದೆಯೂ ಬದುಕುತ್ತದೆ.

ಬಿಳಿ ಹತ್ತಿ ಹಿಟ್ಟುತಿಗಣೆ. ಬೇವಿನೆಣ್ಣೆ ಸಿಂಪಡಿಸಿದರೆ ಎಲೆಯ ಬೂದಿ ಅಳಿಸಿ, ಕಲೆ ಹಾಗೆಯೇ ಉಳಿಯುತ್ತದೆ. ಸಣ್ಣ ಕುಂಚವನ್ನು ಸ್ಪಿರಿಟ್‌ನಲ್ಲಿ ಅದ್ದಿ ತಿಗಣೆಗೆ ಮಾತ್ರ ಮುಟ್ಟಿಸಿ. ಹೂದಂಟಿನಲ್ಲಿ ಹೆಚ್ಚು ಕಂಡರೆ ಮಾತ್ರ ದಂಟನ್ನು ಕತ್ತರಿಸಿ. ಆ ಮೂರು ಮರಿಗಳು ತಾಯಿಯ ಮೂರನೇ ಒಂದರಷ್ಟು ಬೆಳೆದ ಮೇಲೆ ಬಿಡಿಸಿ, ಗಾಯ ಒಣಗಲು ನಾಲ್ಕು ದಿನ ನೆರಳಿನಲ್ಲಿಟ್ಟು ನೆಡಿ. ಆಮೇಲೆ ಒಂದು ವಾರ ನೀರು ಬೇಡ.