ಜೋಗಿಮಟ್ಟಿ ತುದಿಗೆ ಒಂದು ದಿನದ ನಡಿಗೆ: ತಿಳಿದವರು ಸಲಹೆ ನೀಡಿ

ಪ್ರಶ್ನೆ:
ಅರವತ್ತು ದಾಟಿದ ತಂದೆಯವರೊಡನೆ ಡಿಸೆಂಬರಿನಲ್ಲಿ ದಾವಣಗೆರೆಯಿಂದ ಬಂದು, ಚಿತ್ರದುರ್ಗದ ಜೋಗಿಮಟ್ಟಿಯನ್ನು ನಡೆದೇ ಏರಿ ಸಂಜೆಯೊಳಗೆ ಮರಳಬೇಕೆಂದಿದ್ದೇವೆ. ಅನುಮತಿ, ನೀರು ಮತ್ತು ಹೊರಡುವ ವೇಳೆಯ ಬಗ್ಗೆ ದಯವಿಟ್ಟು ತಿಳಿಸಿ.

ಉತ್ತರ 1:
ಕಾಲ ಸರಿಯಾಗಿಯೇ ಇದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಹಿರಿಯರನ್ನು ಕರೆದೊಯ್ಯಬೇಡಿ ಎನ್ನುತ್ತಿದ್ದೆ. ತುದಿ ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದಲ್ಲಿದ್ದರೂ, ಊರೇ ಸುಮಾರು 2,400 ಅಡಿ ಎತ್ತರದಲ್ಲಿರುವುದರಿಂದ ನೀವು ಏರಬೇಕಾದದ್ದು 1,400 ಅಡಿಯಷ್ಟು. ಮೇಲಿನವರೆಗೂ ರಸ್ತೆಯಿರುವುದರಿಂದ ದಾರಿ ತಪ್ಪುವ ಭಯವಿಲ್ಲ. ಆದರೆ ಇದು ಕರಡಿ, ಚಿರತೆಗಳಿರುವ ವನ್ಯಜೀವಿಧಾಮ. ಆದ್ದರಿಂದ ನಡೆದು ಹೋಗಲು ಅವಕಾಶವಿದೆಯೇ, ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂಬುದನ್ನು ಹಿಂದಿನ ದಿನವೇ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಿ. ನಸುಕಿನಲ್ಲಾಗಲಿ ಮುಸ್ಸಂಜೆಯಲ್ಲಾಗಲಿ ಕಾಡಿನಲ್ಲಿ ನಡೆಯಬಾರದೆಂಬುದು ನನ್ನ ಕಳಕಳಿಯ ಮನವಿ.

ಉತ್ತರ 2:
ಮೇಲೆ ನೀರು ಸಿಗುತ್ತದೆಂದು ನಂಬದೆ ತಲಾ ಮೂರು ಲೀಟರ್ ಒಯ್ಯಿರಿ. ತುದಿಯಲ್ಲಿ ಗಾಳಿ ಜೋರಾಗಿರುವುದರಿಂದ ತಂದೆಯವರಿಗೆ ಒಂದು ಶಾಲು ಇರಲಿ. ಅವರಿಗೆ ಆಯಾಸವೆನಿಸಿದರೆ ತುದಿಯ ಹಟ ಬಿಟ್ಟು ಎಲ್ಲರೂ ಒಟ್ಟಿಗೇ ಇಳಿಯಿರಿ; ಬುಡದ ಆಡುಮಲ್ಲೇಶ್ವರದಲ್ಲಿ ಕಿರು ಮೃಗಾಲಯವಿದೆ, ಕುಳಿತು ಬುತ್ತಿ ಬಿಚ್ಚಬಹುದು.